ಕಾರ್ಖಾನೆ ಎಲ್ಲೂ ಹೋಗಿಲ್ಲ ಮಗಳೇ

ಪ್ರೀತಿಯ ಪುಟ್ಟಿ,

"ಶ್ರೀಮಂತ ದೇಶಗಳು ಈಗ ಏನನ್ನೂ ತಯಾರಿಸುವುದೇ ಇಲ್ವಾ ಅಪ್ಪಾ?" ಅಂತ ಮೊನ್ನೆ ಫೋನಿನಲ್ಲಿ ಕೇಳಿದ್ದೆ. ನಾನು ಏನೋ ಹೇಳಿ ಜಾರಿಕೊಂಡೆ. ಆಮೇಲೆ ಅದೇ ತಲೆಯಲ್ಲಿ ಕೂತುಬಿಟ್ಟಿತು.

ತಯಾರಿಸುತ್ತಾರೆ ಮಗಳೇ. ಅಮೆರಿಕವನ್ನೇ ನೋಡು. 1979ರಲ್ಲಿ ಅಲ್ಲಿನ ಕಾರ್ಖಾನೆಗಳಲ್ಲಿ ಸುಮಾರು 1.95 ಕೋಟಿ ಜನ ದುಡಿಯುತ್ತಿದ್ದರು. 2010ರ ಹೊತ್ತಿಗೆ ಉಳಿದವರು ಸುಮಾರು 1.15 ಕೋಟಿ. ಆದರೆ ತಯಾರಾದ ಸರಕು 1979ಕ್ಕಿಂತ ಜಾಸ್ತಿಯೇ ಇತ್ತು. ಎಲ್ಲವನ್ನೂ ಚೀನಾದ ತಲೆಗೆ ಕಟ್ಟುವವರಿದ್ದಾರೆ. ಚೀನಾದ ಸರಕಿನಿಂದ ಅಲ್ಲಿನ ಎಷ್ಟೋ ಊರುಗಳು ಸೊರಗಿದ್ದು ನಿಜ. ಆದರೆ ಹತ್ತು ಜನರ ಕೆಲಸವನ್ನು ಮೂವರಿಗೆ ಇಳಿಸುವ ಯಂತ್ರ ಅದಕ್ಕೂ ಮೊದಲೇ ಬಂದಿತ್ತು.

ಪಾಠ, ಆರೈಕೆ, ಸಂಗೀತದಂಥ ಸೇವೆಗಳಲ್ಲಿ ಹಾಗೆ ಇಳಿಸುವುದು ಕಷ್ಟ. 1960ರ ದಶಕದಲ್ಲಿ ಅರ್ಥಶಾಸ್ತ್ರಜ್ಞರಾದ ವಿಲಿಯಂ ಬಾಮೋಲ್ ಮತ್ತು ವಿಲಿಯಂ ಬೋವೆನ್ ಇದಕ್ಕೆ ಸಂಗೀತ ಕಛೇರಿಯ ಉದಾಹರಣೆ ಕೊಟ್ಟರು. ಇನ್ನೂರು ವರ್ಷದ ಹಿಂದೆ ನಾಲ್ವರು ನುಡಿಸುತ್ತಿದ್ದ ಕೃತಿಗೆ ಇವತ್ತೂ ನಾಲ್ವರೇ ಬೇಕು, ಅಷ್ಟೇ ಹೊತ್ತೂ ಬೇಕು. ಬೇಗ ನುಡಿಸಿ ಮುಗಿಸಿದರೆ ಕೇಳುವವರು ಎದ್ದು ಹೋಗುತ್ತಾರೆ! ಆದರೆ ಬೇರೆ ಕಡೆ ಸಂಬಳ ಏರಿದಾಗ ಇವರಿಗೂ ಏರಿಸಬೇಕು, ಇಲ್ಲದಿದ್ದರೆ ಪಿಟೀಲು ಹಿಡಿಯುವವರೇ ಸಿಗುವುದಿಲ್ಲ. ನರ್ಸ್, ಮೇಷ್ಟ್ರು, ಎಲ್ಲರದ್ದೂ ಇದೇ ಕಥೆ. ಟಿವಿ ಅಗ್ಗವಾಗುತ್ತಾ ಹೋಗಿ ನಿನ್ನ ಕಾಲೇಜಿನ ಫೀಸು ಮಾತ್ರ ಏರಿದ್ದಕ್ಕೆ ಇದೂ ಒಂದು ಕಾರಣ. ದೇಶದ ಲೆಕ್ಕದಲ್ಲಿ ಸೇವೆಗಳ ಪಾಲು ಹಿಗ್ಗುವುದೂ ಹೀಗೆಯೇ.

ಇದರಲ್ಲೊಂದು ತಮಾಷೆಯೂ ಇದೆ. ಗೇಟು ಕಾಯುವ, ಕಸ ಗುಡಿಸುವ ಕೆಲಸವನ್ನು ಕಾರ್ಖಾನೆ ಹೊರಗಿನ ಕಂಪನಿಗೆ ಗುತ್ತಿಗೆ ಕೊಟ್ಟಿತು ಅಂದುಕೋ. ಅದೇ ಜನ, ಅದೇ ಗೇಟು, ಅದೇ ಪೊರಕೆ. ಸರ್ಕಾರದ ಅಂಕಿಅಂಶದಲ್ಲಿ ಮಾತ್ರ ಅವರು ಕೈಗಾರಿಕೆ ಬಿಟ್ಟು ಸೇವಾ ವಲಯ ಸೇರಿರುತ್ತಾರೆ!

ನನಗೆ ಚಿಂತೆ ಹತ್ತಿಸಿದ್ದು ಬೇರೆ ವಿಷಯ. ಬ್ರಿಟನ್, ಜರ್ಮನಿ ಚೆನ್ನಾಗಿ ಶ್ರೀಮಂತವಾದ ಮೇಲೆ ಅಲ್ಲಿ ಕಾರ್ಖಾನೆ ಕೆಲಸ ಇಳಿಯತೊಡಗಿತು. ಈಗಿನ ಎಷ್ಟೋ ಬಡ ದೇಶಗಳಲ್ಲಿ ಕೈಗೆ ನಾಲ್ಕು ಕಾಸು ಸೇರುವ ಮೊದಲೇ ಇಳಿಯುತ್ತಿದೆ ಎನ್ನುತ್ತಾರೆ ಅರ್ಥಶಾಸ್ತ್ರಜ್ಞ ಡ್ಯಾನಿ ರಾಡ್ರಿಕ್. ಹೊಲ ಬಿಟ್ಟು ಬಂದವನು ಕೆಲವೇ ವಾರಗಳಲ್ಲಿ ಹೊಲಿಗೆ ಯಂತ್ರದ ಕೆಲಸ ಕಲಿತುಬಿಡಬಹುದು. ಸಾಫ್ಟ್‌ವೇರ್, ಬ್ಯಾಂಕು ಹಾಗಲ್ಲ, ಡಿಗ್ರಿ ಕೇಳುತ್ತವೆ. ಡಿಗ್ರಿ ಇಲ್ಲದವರಿಗೆ ಸಿಗುವುದು ಮನೆ ಮನೆಗೆ ಪಾರ್ಸೆಲ್ ಹೊರುವ ಕೆಲಸ. ಸರ್ಜನ್ನನ್ನೂ ಅವನನ್ನೂ ಒಂದೇ "ಸೇವಾ ವಲಯ"ದಲ್ಲಿ ಕೂರಿಸುವುದು ನನಗಂತೂ ಸರಿ ಕಾಣುವುದಿಲ್ಲ.

ನಿಮ್ಮ ಮೇಷ್ಟ್ರು ಇದಕ್ಕೇನು ಹೇಳುತ್ತಾರೆ, ಕೇಳಿ ನೋಡು. ಭಾನುವಾರ ಫೋನ್ ಮಾಡಿದಾಗ ಹೇಳು, ಈ ಸಲ ಜಾರಿಕೊಳ್ಳುವುದಿಲ್ಲ.

ನಿನ್ನ
ಅಪ್ಪ