ಇಂಗ್ಲಿಷ್ ಶಿಕ್ಷಕರ ತಯಾರಿ ಪದವಿ ತರಗತಿಯಲ್ಲೇ ಮೊದಲಾಗಲಿ

ಮಾನ್ಯ ಸಂಪಾದಕರೇ,

ದ್ವಿತೀಯ ಪಿಯುಸಿ ಫಲಿತಾಂಶ ಬಂದು ಪದವಿ ಕಾಲೇಜುಗಳಲ್ಲಿ ಪ್ರವೇಶ ನಡೆಯುತ್ತಿರುವ ಈ ದಿನಗಳಲ್ಲಿ, ಮುಂದೆ ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕರಾಗಬೇಕೆಂದು ಬಯಸುವ ಹಾಸನ ಜಿಲ್ಲೆಯ ವಿದ್ಯಾರ್ಥಿಗಳ ಪರವಾಗಿ ಕೆಲವು ವಿಚಾರಗಳನ್ನು ತಮ್ಮ ಪತ್ರಿಕೆಯ ಮೂಲಕ ಕಾಲೇಜುಗಳ ಹಾಗೂ ಹಾಸನ ವಿಶ್ವವಿದ್ಯಾಲಯದ ಗಮನಕ್ಕೆ ತರಬಯಸುತ್ತೇನೆ. ನಾನು ಬೇಲೂರು ಮತ್ತು ಆಲೂರು ತಾಲ್ಲೂಕುಗಳ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಬಿ.ಇಡಿ. ಪ್ರಶಿಕ್ಷಣಾರ್ಥಿಗಳು ನಮ್ಮ ಶಾಲೆಗಳಿಗೆ ಬಂದು ಪಾಠ ಮಾಡುವಾಗ ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತು ಗಮನಿಸಿದ ಅನುಭವವೇ ಈ ಪತ್ರಕ್ಕೆ ಆಧಾರ.

ಬಿ.ಎ. ಮುಗಿಸುವುದು, ಬಿ.ಇಡಿ. ಮಾಡುವುದು, ನೇಮಕಾತಿ ಪರೀಕ್ಷೆ ಬರೆಯುವುದು ಎಂದು ಈ ದಾರಿಯನ್ನು ಒಂದೇ ಉಸಿರಿನಲ್ಲಿ ಹೇಳಿಬಿಡಬಹುದು. ಆದರೆ ಬಹಳಷ್ಟು ಮಕ್ಕಳು ಮೊದಲ ಹೆಜ್ಜೆಯಲ್ಲೇ ಅರಿಯದೆ ಈ ದಾರಿಯಿಂದ ಹೊರಗುಳಿಯುತ್ತಾರೆ. ಪದವಿಯಲ್ಲಿ ಎಲ್ಲರೂ ಕಡ್ಡಾಯ ಭಾಷೆಯಾಗಿ ಓದುವ ಇಂಗ್ಲಿಷ್ ಬೇರೆ, ಐಚ್ಛಿಕ ವಿಷಯವಾಗಿ ಆರಿಸಿಕೊಂಡು ಓದುವ ಇಂಗ್ಲಿಷ್ ಬೇರೆ ಎಂಬುದನ್ನು ಪ್ರವೇಶದ ದಿನ ಅವರಿಗೆ ಬಿಡಿಸಿ ಹೇಳುವವರು ಇರುವುದಿಲ್ಲ. ಗೆಳತಿಯರು ತೆಗೆದುಕೊಂಡರೆಂದು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ತೆಗೆದುಕೊಂಡ ಹುಡುಗಿ ಮೂರು ವರ್ಷದ ನಂತರ ಬಿ.ಇಡಿ.ಯಲ್ಲಿ ಇಂಗ್ಲಿಷ್ ಬೋಧನಾ ವಿಧಾನ ಕೇಳಲು ಹೋದಾಗಲೋ, ನೇಮಕಾತಿಯ ಅಧಿಸೂಚನೆ ಓದುವಾಗಲೋ ತನಗೆ ಬಾಗಿಲು ಮುಚ್ಚಿರುವುದನ್ನು ಕಾಣುತ್ತಾಳೆ. 2021-22ರಲ್ಲಿ ನಾಲ್ಕು ವರ್ಷದ ಪದವಿ ಬಂದು, 2024-25ರಲ್ಲಿ ರಾಜ್ಯವು ಮತ್ತೆ ಮೂರು ವರ್ಷದ ಪದವಿಗೆ ಮರಳಿದ ಈ ಅವಧಿಯಲ್ಲಿ ವಿಷಯ ಸಂಯೋಜನೆಯ ಗೊಂದಲ ಹೆಚ್ಚಾಗಿದೆಯೇ ಹೊರತು ಕಡಿಮೆಯಾಗಿಲ್ಲ.

ಐಚ್ಛಿಕ ಇಂಗ್ಲಿಷ್ ಎಲ್ಲ ಕಾಲೇಜುಗಳಲ್ಲಿಯೂ ಸಿಗುವುದಿಲ್ಲ. ಹತ್ತಿರದ ಕಾಲೇಜಿನಲ್ಲಿ ಇಲ್ಲದಿದ್ದರೆ ಹಾಸನಕ್ಕೆ ಹೋಗಿ ಓದಲಿ ಎನ್ನುವವರಿದ್ದಾರೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳ ಪ್ರಯಾಣ ಉಚಿತವಾಗಿರುವುದು ದೊಡ್ಡ ಸಹಾಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಟಿಕೆಟ್ಟಿನ ಹಣ ಉಳಿದ ಮಾತ್ರಕ್ಕೆ ಹೊತ್ತು ಉಳಿಯುವುದಿಲ್ಲ. ಸಕಲೇಶಪುರದ ಆಚೆಯ ತೋಟದ ಕಾರ್ಮಿಕರ ಲೈನುಮನೆಗಳಿಂದ, ದಿನಕ್ಕೆ ಎರಡೇ ಬಸ್ಸು ಬರುವ ಊರುಗಳಿಂದ ಮಳೆಗಾಲದಲ್ಲಿ ಹಾಸನಕ್ಕೆ ಹೋಗಿಬರುವ ಮಗು ಓದುವುದು ಯಾವಾಗ? ಆರಿಸಿಕೊಂಡವರ ಸಂಖ್ಯೆ ಸಾಲದೆಂದು ತಾಲ್ಲೂಕು ಕೇಂದ್ರಗಳ ಸರ್ಕಾರಿ ಕಾಲೇಜುಗಳಲ್ಲಿ ಈ ವಿಷಯವನ್ನು ಕೈಬಿಡಬಾರದು. ಇಂದು ಹತ್ತೇ ಮಂದಿ ಓದಿದರೂ ಆ ಹತ್ತು ಮಂದಿ ನಾಳೆ ಹತ್ತು ಹಳ್ಳಿಗಳ ಹೈಸ್ಕೂಲುಗಳಿಗೆ ಬೇಕಾದವರು.

ಇನ್ನು ಐಚ್ಛಿಕ ಇಂಗ್ಲಿಷ್ ಸಿಕ್ಕವರ ಸ್ಥಿತಿಯನ್ನು ನೋಡೋಣ. ಅವರು ಓದುವುದು ಮುಖ್ಯವಾಗಿ ಸಾಹಿತ್ಯವನ್ನು: ಕವಿತೆ, ನಾಟಕ, ಕಾದಂಬರಿ, ಸಾಹಿತ್ಯ ಚರಿತ್ರೆ, ಒಂದಿಷ್ಟು ವಿಮರ್ಶೆ. ಇದು ಬೇಡವೆಂದು ನಾನು ಖಂಡಿತ ಹೇಳುವುದಿಲ್ಲ. ಸಾಹಿತ್ಯದ ರುಚಿಯಿಲ್ಲದ ಭಾಷಾ ಶಿಕ್ಷಕರ ಪಾಠ ಬಹುಬೇಗ ಒಣಗಿಹೋಗುತ್ತದೆ. ಆದರೆ ಎಂಟನೆಯ ತರಗತಿಯ ಕನ್ನಡ ಮಾಧ್ಯಮದ ಮಗುವಿನ ಮುಂದೆ ನಿಂತಾಗ ಬೇಕಾಗುವ ತಿಳಿವಳಿಕೆ ಇನ್ನೊಂದು ಇದೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಬರುತ್ತದೆ. ನಾವು ವಿಭಕ್ತಿ ಪ್ರತ್ಯಯವನ್ನು ನಾಮಪದದ ಕೊನೆಗೆ ಸೇರಿಸುವಲ್ಲಿ ಅವರು ಬೇರೊಂದು ಪದವನ್ನು ನಾಮಪದಕ್ಕಿಂತ ಮೊದಲು ಇಡುತ್ತಾರೆ. ನಾಮಪದಗಳಿಗಿಂತ ಮೊದಲು ಅವರು ಬಳಸುವ ‘ಎ’, ‘ಆ್ಯನ್’, ‘ದ’ ಎಂಬ ಆರ್ಟಿಕಲ್‌ಗಳು ನಮ್ಮಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ಮಗು ಅವನ್ನು ಬಿಟ್ಟು ಬರೆಯುವುದು ದಡ್ಡತನದಿಂದಲ್ಲ, ತನ್ನ ಮಾತೃಭಾಷೆಯ ಕ್ರಮವನ್ನು ಪಾಲಿಸಿದ್ದರಿಂದ. ಭೂತಕಾಲದ ಕ್ರಿಯಾಪದಗಳು ಬರಹದಲ್ಲಿ ಒಂದೇ ರೀತಿ ಕೊನೆಗೊಂಡರೂ ‘ವಾಕ್ಡ್’ ಎಂಬಲ್ಲಿ ಕೊನೆಗೆ ಟಕಾರ ಕೇಳುತ್ತದೆ, ‘ಪ್ಲೇಡ್’ ಎಂಬಲ್ಲಿ ಡಕಾರ, ‘ವಾಂಟೆಡ್’ ಎಂಬಲ್ಲಿ ಇಡೀ ಒಂದು ಉಚ್ಚಾರಾಂಶವೇ ಹೆಚ್ಚುತ್ತದೆ. ಬರೆದಂತೆಯೇ ಓದುವ ಲಿಪಿಯಲ್ಲಿ ಅಕ್ಷರ ಕಲಿತ ನಮ್ಮ ಮಕ್ಕಳಿಗೆ ಇದನ್ನು ತಾಳ್ಮೆಯಿಂದ, ಬಾಯಿಬಿಟ್ಟು ಹೇಳಿಕೊಡಬೇಕು. ಹೀಗೆ ಎರಡು ಭಾಷೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದನ್ನು ಪದವಿಯಲ್ಲಿಯೇ ಕಲಿಸಿದರೆ, ತಪ್ಪು ಕಂಡ ಕೂಡಲೇ ಕೆಂಪು ಗೆರೆ ಎಳೆದು ಮುಂದೆ ಹೋಗುವ ಬದಲು ಆ ತಪ್ಪು ಎಲ್ಲಿಂದ ಬಂತೆಂದು ಹುಡುಕುವ ಶಿಕ್ಷಕರು ನಮಗೆ ಸಿಗುತ್ತಾರೆ.

2007-08ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿದೆ. ಏಳು ವರ್ಷ ಇಂಗ್ಲಿಷ್ ಪುಸ್ತಕ ಹಿಡಿದು ಎಂಟನೆಯ ತರಗತಿಗೆ ಬರುವ ಮಕ್ಕಳಲ್ಲಿ ಒಂದು ಸಾಲನ್ನು ತಡವರಿಸದೆ ಓದಲಾರದವರೂ ಇರುತ್ತಾರೆ, ಪುಟ್ಟ ಕಥೆಯನ್ನು ತಾವೇ ಓದಿ ಅರ್ಥಮಾಡಿಕೊಳ್ಳುವವರೂ ಇರುತ್ತಾರೆ. ಇಬ್ಬರನ್ನೂ ಮೂರು ವರ್ಷದೊಳಗೆ ನೂರು ಅಂಕದ ಎಸ್‌ಎಸ್‌ಎಲ್‌ಸಿ ದ್ವಿತೀಯ ಭಾಷಾ ಪರೀಕ್ಷೆಗೆ ಅಣಿಗೊಳಿಸುವ ಹೊಣೆ ಹೊಸ ಶಿಕ್ಷಕರದು.

ಬಿ.ಇಡಿ. ಕಾಲೇಜುಗಳು ಇದಕ್ಕೆ ಎಷ್ಟು ಸಿದ್ಧಗೊಳಿಸುತ್ತಿವೆ? ಪಾಠ ಯೋಜನೆ ಬರೆಯುವುದರಲ್ಲಿ ನಾನು ಕಂಡ ಪ್ರಶಿಕ್ಷಣಾರ್ಥಿಗಳು ನಿಜಕ್ಕೂ ಶ್ರದ್ಧಾವಂತರು. ರಾತ್ರಿಯೆಲ್ಲ ಕುಳಿತು ಚಾರ್ಟು ಬರೆದು ತಂದವರಿದ್ದಾರೆ. ಆದರೆ ಯೋಜನೆಯಲ್ಲಿಲ್ಲದ ಒಂದು ಪ್ರಶ್ನೆಯನ್ನು ಮಗು ಕೇಳಿದರೆ ಇಂಗ್ಲಿಷಿನಲ್ಲಿ ಎರಡು ವಾಕ್ಯ ಉತ್ತರಿಸಲು ಅವರಲ್ಲಿ ಅನೇಕರು ಹಿಂಜರಿಯುತ್ತಿದ್ದರು. ಅವರಿಗೆ ಮಾತನಾಡುವ ಅಭ್ಯಾಸವನ್ನು ಯಾರೂ ಮಾಡಿಸಿರಲಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1963ರ ಸುಮಾರಿಗೆ ರೂಪುಗೊಂಡ ಸೂಕ್ಷ್ಮ ಬೋಧನೆಯ ಪದ್ಧತಿ ನಮ್ಮ ಕಾಲೇಜುಗಳಲ್ಲಿಯೂ ಇದೆ. ಪ್ರಶ್ನೆ ಕೇಳುವುದು, ಕಪ್ಪುಹಲಗೆ ಬಳಸುವುದು ಮುಂತಾದ ಒಂದೊಂದೇ ಕೌಶಲವನ್ನು ಐದಾರು ನಿಮಿಷದ ಪಾಠದಲ್ಲಿ ತಿದ್ದಿಕೊಳ್ಳುವ ಒಳ್ಳೆಯ ಕ್ರಮ ಅದು. ಆದರೆ ಅಲ್ಲಿ ವಿದ್ಯಾರ್ಥಿಗಳಾಗಿ ಕೂರುವವರು ಸಹಪಾಠಿಗಳೇ, ಉತ್ತರ ಮೊದಲೇ ಬಲ್ಲವರು. ಉತ್ತರ ಬಾರದ ಮಗು ಎದುರಾಗುವುದು ಶಾಲೆಯಲ್ಲಿಯೇ.

ಆದುದರಿಂದ ಶಾಲಾ ಇಂಟರ್ನ್‌ಶಿಪ್ ಬಹಳ ಮುಖ್ಯ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯಂತೆ ಬಿ.ಇಡಿ. ಎರಡು ವರ್ಷದ್ದಾದಾಗ ಒಟ್ಟು 20 ವಾರಗಳನ್ನು ಶಾಲೆಗೆ ಮೀಸಲಿಡಲಾಯಿತು. ಅದರಲ್ಲಿ 16 ವಾರ ಎರಡನೆಯ ವರ್ಷದಲ್ಲಿ. ಇಷ್ಟು ಕಾಲಾವಕಾಶ ಸಣ್ಣದಲ್ಲ. ಅದನ್ನು ಶಿಕ್ಷಕರಿಲ್ಲದ ಪೀರಿಯಡ್ಡು ತುಂಬಿಸಲು, ರಿಜಿಸ್ಟರ್ ಬರೆಸಲು ಶಾಲೆಗಳು ಬಳಸಿಕೊಂಡರೆ ಪ್ರಶಿಕ್ಷಣಾರ್ಥಿಗೂ ಮಕ್ಕಳಿಗೂ ಅನ್ಯಾಯ. ಒಂದೇ ತರಗತಿಯನ್ನು ಪೂರ್ಣವಾಗಿ ವಹಿಸಿಕೊಡಬೇಕು, ಆ ಮಕ್ಕಳ ಬರವಣಿಗೆಯ ಪುಸ್ತಕಗಳನ್ನು ಅವರಿಂದಲೇ ತಿದ್ದಿಸಬೇಕು, ಶಾಲೆಯ ಇಂಗ್ಲಿಷ್ ಶಿಕ್ಷಕರು ಪಕ್ಕದಲ್ಲಿ ಕುಳಿತು ಚರ್ಚಿಸಬೇಕು. ಪುಸ್ತಕ ತಿದ್ದುವ ಕೆಲಸ ಕಲಿಸುವಷ್ಟನ್ನು ಯಾವ ಉಪನ್ಯಾಸವೂ ಕಲಿಸದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಂಗ್ಲಿಷ್ ಮಾತನಾಡುವ ಅಭ್ಯಾಸವಿಲ್ಲದ ಕೊರತೆ ಪರೀಕ್ಷೆಗಳಿಂದ ಹೊರಬೀಳುವುದಿಲ್ಲ. ಆರರಿಂದ ಎಂಟನೆಯ ತರಗತಿಗಳ ಶಿಕ್ಷಕರಿಗಾಗಿ ನಡೆಸುವ ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿಯ ಎರಡನೆಯ ಪತ್ರಿಕೆಯಲ್ಲಿ 150 ಬಹು ಆಯ್ಕೆಯ ಪ್ರಶ್ನೆಗಳಿರುತ್ತವೆ. ಅಭ್ಯರ್ಥಿ ಒಂದು ಪ್ಯಾರಾವನ್ನು ಗಟ್ಟಿಯಾಗಿ ಓದಬಲ್ಲನೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಆ ಅಭ್ಯಾಸ ಕಾಲೇಜಿನಲ್ಲೇ ಆಗಬೇಕು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು 2030ರ ವೇಳೆಗೆ ನಾಲ್ಕು ವರ್ಷಗಳ ಸಂಯೋಜಿತ ಬಿ.ಇಡಿ. ಶಿಕ್ಷಕರ ಕನಿಷ್ಠ ಪದವಿಯಾಗಬೇಕೆಂದು ಹೇಳಿದೆ. ವಿಷಯ ಮತ್ತು ಬೋಧನೆಯನ್ನು ಜೊತೆಯಾಗಿ ಕಲಿಸುವ ಈ ಕ್ರಮವನ್ನು 1963ರಲ್ಲಿ ಸ್ಥಾಪನೆಯಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ದಶಕಗಳಿಂದ ನಡೆಸಿಕೊಂಡು ಬಂದಿದೆ. ಅದು ಎಲ್ಲೆಡೆ ಬರುವವರೆಗೆ ನಮ್ಮ ಜಿಲ್ಲೆ ಕೈಕಟ್ಟಿ ಕೂರಬೇಕಾಗಿಲ್ಲ. ಹಾಸನ ವಿಶ್ವವಿದ್ಯಾಲಯವು ಐಚ್ಛಿಕ ಇಂಗ್ಲಿಷಿನ ಪಠ್ಯದಲ್ಲಿ ಧ್ವನಿ, ವಾಕ್ಯರಚನೆ ಮತ್ತು ಕನ್ನಡದೊಂದಿಗಿನ ಹೋಲಿಕೆಗೆ ಒಂದು ಪೂರ್ಣ ಪತ್ರಿಕೆಯನ್ನಾದರೂ ಇಡಲಿ. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಾದ ಡಯಟ್, ಬಿ.ಇಡಿ. ಕಾಲೇಜುಗಳನ್ನೂ ಇಂಟರ್ನ್‌ಶಿಪ್‌ಗೆ ಜಾಗ ಕೊಡುವ ಶಾಲೆಗಳನ್ನೂ ವರ್ಷಾರಂಭದಲ್ಲಿ ಒಟ್ಟಿಗೆ ಕೂರಿಸಲಿ. ಸೇವೆಯಲ್ಲಿರುವ ಶಿಕ್ಷಕರಿಗೆ ತರಬೇತಿ ನೀಡುವ ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ನೆರವನ್ನು ಸೇವೆಗೆ ಸೇರುವ ಮುನ್ನವೇ ಈ ಮಕ್ಕಳಿಗೆ ದೊರಕಿಸಲಿ. ಎಲ್ಲಕ್ಕಿಂತ ಮೊದಲು, ಈ ವಾರ ಪ್ರವೇಶದ ಅರ್ಜಿ ತುಂಬಿಸಿಕೊಳ್ಳುತ್ತಿರುವ ಪ್ರತಿಯೊಂದು ಕಾಲೇಜಿನ ಸೂಚನಾ ಫಲಕದಲ್ಲಿ, ಇಂಗ್ಲಿಷ್ ಶಿಕ್ಷಕರಾಗಬಯಸುವವರು ಐಚ್ಛಿಕ ಇಂಗ್ಲಿಷ್ ಆರಿಸಿಕೊಳ್ಳಬೇಕೆಂಬ ಒಂದು ಸಾಲನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಂಟಿಸಬೇಕೆಂದು ಪ್ರಾಂಶುಪಾಲರಲ್ಲಿ ವಿನಂತಿಸುತ್ತೇನೆ.

ಇಂತಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ,
ಬೇಲೂರು, ಹಾಸನ ಜಿಲ್ಲೆ