ಭಾನುವಾರದ ಚಾರ್ವಾಕ ಚರ್ಚೆಗೆ ಮುನ್ನ

ಸದಸ್ಯರೇ, ಭಾನುವಾರ ಸಂಜೆ ಆರಕ್ಕೆ ಚಾರ್ವಾಕರ ಬಗ್ಗೆ, ಅಂದರೆ ವೇದ, ದೇವರು, ಪರಲೋಕ ಯಾವುದನ್ನೂ ಒಪ್ಪದ ಪ್ರಾಚೀನ ಭಾರತದ ಪಂಥದವರ ಬಗ್ಗೆ, ಮಾತುಕತೆ. ‘ನಾಸ್ತಿಕತೆ ಪಶ್ಚಿಮದಿಂದ ಬಂದ ಸರಕು’ ಎಂಬ ಸಂದೇಶವನ್ನು ದಯವಿಟ್ಟು ಇನ್ನು ಹಂಚಬೇಡಿ. ಬುದ್ಧನ ಕಾಲದಲ್ಲೇ ಅಜಿತ ಕೇಶಕಂಬಲಿ ಎಂಬ ಚಿಂತಕ ಪರಲೋಕವನ್ನು ಅಲ್ಲಗಳೆದಿದ್ದ.

ಚಾರ್ವಾಕರ ಮೂಲಗ್ರಂಥ ಉಳಿದಿಲ್ಲ. ಸಿಗುವುದು ಬಹುಪಾಲು ಎದುರಾಳಿಗಳು ಖಂಡಿಸಲೆಂದು ಬರೆದಿಟ್ಟ ಸಾಲುಗಳು. ‘ಸಾಲ ಮಾಡಿಯಾದರೂ ತುಪ್ಪ ಕುಡಿ’ ಎಂಬುದೂ ಅಂಥದ್ದೇ. ನಾನಾ ದರ್ಶನಗಳನ್ನು ಪರಿಚಯಿಸುವ 14ನೆಯ ಶತಮಾನದ ಗ್ರಂಥ ಸರ್ವದರ್ಶನಸಂಗ್ರಹದ ಮೊದಲ ಅಧ್ಯಾಯದಲ್ಲಿದೆ. ಅದೊಂದನ್ನೇ ಹಿಡಿದು ಇಡೀ ಪಂಥವನ್ನು ಭೋಗಿಗಳ ಕೂಟವೆನ್ನುವುದು ನನಗಂತೂ ಅನ್ಯಾಯವೆನಿಸುತ್ತದೆ. ಅವರು ಅನುಮಾನ ಪ್ರಮಾಣವನ್ನು (ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ ತಿಳಿಯುವ ಬಗೆಯನ್ನು) ಏಕೆ ಒಪ್ಪಲಿಲ್ಲ ಎಂಬುದರ ಮೇಲೆ ಹೆಚ್ಚು ಹೊತ್ತು ನಿಲ್ಲೋಣ. ಎಲ್ಲ ಕಾಲದ, ಎಲ್ಲ ಕಡೆಯ ಹೊಗೆಯನ್ನೂ ನೋಡದೆ, ಹೊಗೆಯಿದ್ದಲ್ಲೆಲ್ಲ ಬೆಂಕಿ ಇದ್ದೇ ಇರುತ್ತದೆಂದು ಹೇಗೆ ಹೇಳುತ್ತೀರಿ ಎನ್ನುವುದು ಅವರ ಪಟ್ಟು. ಉತ್ತರ ಯೋಚಿಸಿಕೊಂಡು ಬನ್ನಿ.

ವೇದವನ್ನು ಒಪ್ಪಿಯೂ ಸೃಷ್ಟಿಕರ್ತನನ್ನು ಒಪ್ಪದ ಮೀಮಾಂಸಕರೂ, ಅಂದರೆ ವೇದವಿಧಿಗಳ ಅರ್ಥವನ್ನು ವಿಚಾರಿಸುವ ದರ್ಶನದವರೂ, ಇದ್ದಾರೆ (ಇದಕ್ಕೆ ಕೆಲವರು ಹುಬ್ಬೇರಿಸುವುದು ಖಚಿತ). ಸಮಯ ಉಳಿದರೆ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ 1976ರಲ್ಲಿ ರಚಿಸಿದ ಸಮಿತಿಯ ವಿಷಯ.

ದೇವರನ್ನು ನಂಬುವವರೂ ಧಾರಾಳವಾಗಿ ಬನ್ನಿ. ಬೈಗುಳದ ಸಂದೇಶ ಯಾವ ಕಡೆಯಿಂದ ಬಂದರೂ ಅಳಿಸುತ್ತೇನೆ. ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ.