ಶಿಬಿರಕ್ಕೆ ಚಾಕು ತರುವವರ ಗಮನಕ್ಕೆ

ಗೆಳೆಯರೇ, ಈ ಸಲ ಕಟ್ಟಿಗೆ ಕೆಲಸ ಜಾಸ್ತಿ ಇದೆ, ಮಡಚುವ ಚಾಕು ಸಾಲದು. ಅಲಗಿನ ಉಕ್ಕು ಹಿಡಿಯ ಕೊನೆಯವರೆಗೂ ಒಂದೇ ತುಂಡಾಗಿರುವ ಗಟ್ಟಿ ಚಾಕು ತನ್ನಿ. 4 ಮಿಲಿಮೀಟರ್ ದಪ್ಪ ಇದ್ದರೆ ಒಳ್ಳೆಯದು. ಸೀಳುವಾಗ ಅಲಗಿನ ಬೆನ್ನಿಗೆ ಮರದ ಕೊರಡಿನಿಂದ ಹೊಡೆಯಿರಿ. ಕಲ್ಲು, ಸುತ್ತಿಗೆ ಬೇಡವೇ ಬೇಡ. ಗಂಟಿಲ್ಲದ ಕಟ್ಟಿಗೆ ಆರಿಸಿ.

ನಾನು ಒಮ್ಮೆ ಡಬ್ಬಿಯ ಮುಚ್ಚಳ ಮೀಟಲು ಹೋಗಿ, ಚಾಕುವಿನ ತುದಿ ಅಕ್ಕಿಕಾಳಿನಷ್ಟು ಮುರಿದು ಹಾರಿತು. ತುಂಬಾ ಬೇಜಾರಾಯಿತು. ದಯವಿಟ್ಟು ಚಾಕುವಿನಿಂದ ಏನನ್ನೂ ಮೀಟಬೇಡಿ.

ಚಾಕು ಕಾರ್ಬನ್ ಸ್ಟೀಲಿನದಾದರೆ (ಬೇಗ ತುಕ್ಕು ಹಿಡಿಯುವ ಉಕ್ಕು) ಹಣ್ಣು ಹೆಚ್ಚಿದ ಕೂಡಲೇ ಒರೆಸಿ, ತೆಳುವಾಗಿ ಎಣ್ಣೆ ಸವರಿ. ಒದ್ದೆ ಚರ್ಮದ ಒರೆಯಲ್ಲಿ ರಾತ್ರಿಯಿಡೀ ಇಟ್ಟರೆ ತುಕ್ಕು ಹಿಡಿಯುತ್ತದೆ. ಮೊಂಡು ಚಾಕುವಿಗೆ ಬಲ ಜಾಸ್ತಿ ಹಾಕಬೇಕು, ಕೈ ಜಾರುವುದೂ ಆಗಲೇ ಅಲ್ವಾ? ಹೊರಡುವ ಮುಂಚೆ ಸಾಣೆ ಹಿಡಿದೇ ತನ್ನಿ.